ಕಪ್ಪು ಅಮೆರಿಕನ್ನರ ಸೋಲ್ ಫುಡ್ ಮತ್ತು ರಕ್ತದೊತ್ತಡ: ದೋಷ ಯಾವ ತಟ್ಟೆಯಲ್ಲಿದೆ?

ಅಟ್ಲಾಂಟಾ ವಾಸಿ (ಚರ್ಚೆಯ ಆರಂಭ)

ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ನೆಲೆಸಿರುವ ನಮ್ಮಂಥವರಿಗೆ ಸೋಲ್ ಫುಡ್ ಎಂಬ ಬೋರ್ಡು ದಿನವೂ ಕಣ್ಣಿಗೆ ಬೀಳುತ್ತದೆ. ಕರಿದ ಕೋಳಿ, ಹೊಗೆಯಾಡಿಸಿದ ಹಂದಿಮಾಂಸದ ಜೊತೆ ಬೇಯಿಸಿದ ಕೊಲಾರ್ಡ್ ಸೊಪ್ಪು, ಅಲಸಂದೆ ಕಾಳು, ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್, ಚೀಸ್ ಸುರಿದ ಮ್ಯಾಕರೋನಿ, ಸಕ್ಕರೆ ಪಾಕದಲ್ಲಿ ಬೆಂದ ಗೆಣಸು, ಇವುಗಳ ಜೊತೆಗೆ ಹಲ್ಲು ಚುಳ್ಳೆನ್ನುವಷ್ಟು ಸಿಹಿಯಾದ ತಣ್ಣನೆಯ ಚಹಾ. ಇತ್ತೀಚೆಗೆ ನಮ್ಮೂರಿನ ಕನ್ನಡಿಗರ ಆರೋಗ್ಯ ಶಿಬಿರದಲ್ಲಿ ಈ ಊಟದ ಮಾತು ಬಂದಾಗ, “ಅವರ ಕಾಯಿಲೆಗೆಲ್ಲ ಅವರ ಊಟವೇ ಕಾರಣ, ಬಿಟ್ಟರೆ ಎಲ್ಲ ಸರಿಹೋಗುತ್ತದೆ” ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟರು. ಅಲ್ಲಿದ್ದವರೆಲ್ಲ ತಲೆಯಾಡಿಸಿದರು.

ನನಗೆ ಆ ತೀರ್ಪು ಅರ್ಧ ಸತ್ಯವೆನಿಸಿತು. ಕಪ್ಪು ಅಮೆರಿಕನ್ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಧಿಕ ರಕ್ತದೊತ್ತಡವಿದೆ ಎಂಬುದು ನಿಜ. ಆದರೆ ಅದೇ ಊಟ ಆ ಜನರ ಚರಿತ್ರೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದೂ ನಿಜ. ಬಸ್ಸಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವುದರ ವಿರುದ್ಧ 1955ರ ಕೊನೆಯಲ್ಲಿ ಶುರುವಾದ ಮಾಂಟ್ಗಮರಿ ಬಸ್ ಬಹಿಷ್ಕಾರ ಒಂದು ವರ್ಷಕ್ಕೂ ಮೀರಿ ನಡೆದಾಗ, ಜನರನ್ನು ಕೆಲಸಕ್ಕೆ ಮುಟ್ಟಿಸುತ್ತಿದ್ದ ಕಾರುಗಳ ಪೆಟ್ರೋಲಿನ ಖರ್ಚಿನಲ್ಲಿ ಒಂದು ಪಾಲನ್ನು ಹೊತ್ತದ್ದು ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ಮತ್ತು ಅವರ ಸಂಗಡಿಗ ಹೆಂಗಸರು, ಕೋಳಿ ಕರಿದು, ಕೇಕು ಮಾಡಿ ಮಾರಿದ ದುಡ್ಡಿನಿಂದ. ನಮ್ಮ ಅಟ್ಲಾಂಟಾದಲ್ಲಿ 1947ರಲ್ಲಿ ಆರಂಭವಾದ ಪ್ಯಾಸ್ಕಲ್ಸ್ ಹೋಟೆಲಿನ ಮೇಜುಗಳಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಅವರ ಒಡನಾಡಿಗಳು ಕೂತು ಹೋರಾಟದ ಯೋಜನೆ ಹಾಕುತ್ತಿದ್ದರು. ಇಂಥ ಊಟವನ್ನು “ಬಿಟ್ಟುಬಿಡಿ” ಎನ್ನುವುದು ವೈದ್ಯಕೀಯ ಸಲಹೆಯಾಗಿ ನಿಲ್ಲುತ್ತದೆಯೇ? ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ. ಚರ್ಚೆ ಈ ಊಟಕ್ಕೂ ಈ ಜನಕ್ಕೂ ಅಂಟಿಕೊಂಡಿರಲಿ. ನಮ್ಮ ಮುದ್ದೆ-ಸಾರಿನ ಹಿರಿಮೆಗೆ ಬೇರೆ ಕಡೆ ಸಾಕಷ್ಟು ಜಾಗವಿದೆ.

ನಿವೃತ್ತ ಇತಿಹಾಸ ಮೇಷ್ಟ್ರು, ಧಾರವಾಡ

ಅಟ್ಲಾಂಟಾದವರು ಒಳ್ಳೆಯ ಕಡೆಯಿಂದ ಶುರು ಮಾಡಿದ್ದಾರೆ. ನಾನು ಇನ್ನೂ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಏಕೆಂದರೆ ಈಗ ನಾವು ಸೋಲ್ ಫುಡ್ ಎಂದು ಕರೆಯುವ ತಟ್ಟೆಯಲ್ಲಿ ಎರಡು ಬೇರೆ ಬೇರೆ ಊಟಗಳು ಸೇರಿಕೊಂಡಿವೆ.

ಮೊದಲನೆಯದು ವಾರದ ದಿನಗಳ ಊಟ. ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಪ್ರಕಟಿಸಿದ ತಮ್ಮ ಆತ್ಮಕಥನದಲ್ಲಿ ಪಡಿತರದ ಲೆಕ್ಕ ಕೊಟ್ಟಿದ್ದಾರೆ: ದೊಡ್ಡವರಿಗೆ ತಿಂಗಳಿಗೆ 8 ಪೌಂಡ್ ಹಂದಿಮಾಂಸ ಅಥವಾ ಅದಕ್ಕೆ ಸಮನಾದ ಮೀನು, ಮತ್ತು ಒಂದು ಬುಶೆಲ್ (ಸುಮಾರು 35 ಲೀಟರಿನ ಅಳತೆ) ಮೆಕ್ಕೆಜೋಳದ ಹಿಟ್ಟು. ದಿನಕ್ಕೆ ಲೆಕ್ಕ ಹಾಕಿದರೆ ಮಾಂಸ ನೂರಿಪ್ಪತ್ತು ಗ್ರಾಮು ಬರುತ್ತದೆ, ಅದೂ ಸೂರ್ಯ ಹುಟ್ಟುವ ಮೊದಲೇ ಹೊಲಕ್ಕಿಳಿಯುವ ಮೈಗೆ. ಉಳಿದ ಹೊಟ್ಟೆಯನ್ನು ತುಂಬಿಸಿದ್ದು ಧಣಿಗಳು ಬಿಟ್ಟುಕೊಟ್ಟ ಕಡೆ ಗುಡಿಸಿಲ ಹಿಂದೆ ಮಾಡಿಕೊಂಡ ಕೈತೋಟ, ಹೊಳೆಯ ಮೀನು, ಕಾಡಿನ ಬೇಟೆ. ಬೆಂಡೆ, ಅಲಸಂದೆ, ಎಳ್ಳು, ಜೋಳ, ಇವೆಲ್ಲ ಗುಲಾಮರ ಹಡಗಿನ ದಾರಿಯಲ್ಲೇ ಅಮೆರಿಕಕ್ಕೆ ಬಂದು ಈ ತೋಟಗಳಲ್ಲಿ ಬೇರೂರಿದವು. ಕೊಲಾರ್ಡ್ ಎಲೆಕೋಸಿನ ಬಳಗದ್ದು, ಯೂರೋಪಿನಿಂದ ಬಂದದ್ದು. ಆದರೆ ಸೊಪ್ಪನ್ನು ನಿಧಾನವಾಗಿ ಬೇಯಿಸಿ, ಅದರ ರಸವನ್ನು ಹಿಟ್ಟಿನ ಮುದ್ದೆಯೊಂದಿಗೆ ಉಣ್ಣುವ ಅಭ್ಯಾಸ ಪಶ್ಚಿಮ ಆಫ್ರಿಕದ್ದು. ಮಾಂಸ ಇಲ್ಲಿ ಒಗ್ಗರಣೆಯಷ್ಟೇ.

ಎರಡನೆಯದು ಹಬ್ಬದ ಮತ್ತು ಭಾನುವಾರದ ಊಟ: ಕರಿದ ಕೋಳಿ, ಕೇಕು, ಪೈ, ಹಂದಿ ಕೊಯ್ದ ದಿನ ಅದರ ಕರುಳಿನ ಚಿಟ್ಲಿನ್ಸ್. ವರ್ಷದಲ್ಲಿ ಕೆಲವೇ ದಿನ ಕಾಣುತ್ತಿದ್ದ ತಟ್ಟೆ ಅದು.

1910ರ ಸುಮಾರಿನಿಂದ 1970ರವರೆಗೆ ಅಂದಾಜು 60 ಲಕ್ಷ ಕಪ್ಪು ಜನ ದಕ್ಷಿಣವನ್ನು ಬಿಟ್ಟು ಷಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್ ಮುಂತಾದ ಊರುಗಳಿಗೆ ವಲಸೆ ಹೋದರು. ಕೈತೋಟ ಹಿಂದುಳಿಯಿತು, ಭಾನುವಾರದ ತಟ್ಟೆ ಜೊತೆಗೆ ಹೋಯಿತು. ಊರು ಬಿಟ್ಟವರು ಹೋಟೆಲಿಗೆ ಹೋಗಿ ಕೇಳುವುದು ಹಬ್ಬದ ಊಟವನ್ನೇ ಅಲ್ಲವೇ. ಸೋಲ್ ಫುಡ್ ಎಂಬ ಹೆಸರು 1960ರ ದಶಕದಲ್ಲಿ, ಕಪ್ಪು ಸ್ವಾಭಿಮಾನದ ಚಳವಳಿಯ ಕಾಲದಲ್ಲಿ ಮನೆಮಾತಾಯಿತು. ನ್ಯೂಯಾರ್ಕಿನ ಹಾರ್ಲೆಮ್ಮಿನ ಪ್ರಸಿದ್ಧ ಸಿಲ್ವಿಯಾಸ್ ಹೋಟೆಲು ತೆರೆದದ್ದು 1962ರಲ್ಲಿ. ಹೆಸರು ಬರುವ ಹೊತ್ತಿಗೆ ಹಬ್ಬದ ತಟ್ಟೆಯೇ ಇಡೀ ಸಂಪ್ರದಾಯದ ಮುಖವಾಗಿತ್ತು. ವರ್ಜೀನಿಯಾದಲ್ಲಿ, ಬಿಡುಗಡೆಯಾದ ಗುಲಾಮರು ಕಟ್ಟಿಕೊಂಡ ಫ್ರೀಟೌನ್ ಎಂಬ ಹಳ್ಳಿಯಲ್ಲಿ ಬೆಳೆದ ಎಡ್ನಾ ಲೂಯಿಸ್ 1970ರ ದಶಕದಲ್ಲಿ ತಮ್ಮ ಬಾಲ್ಯದ ಅಡುಗೆಯನ್ನು ಬರೆದಿಟ್ಟಾಗ, ಅದರಲ್ಲಿ ಋತುವಿಗೆ ತಕ್ಕ ಸೊಪ್ಪು, ಹಣ್ಣು, ಕಾಳುಗಳ ಲೋಕವೇ ಇತ್ತು. ಅದೂ ಕಪ್ಪು ಜನರ ದಕ್ಷಿಣದ ಅಡುಗೆಯೇ. ಅದನ್ನು ಯಾರೂ ಆರೋಗ್ಯಕ್ಕೆ ಮಾರಕ ಎನ್ನಲಾರರು.

ಆಹಾರತಜ್ಞೆ, ಷಾರ್ಲೆಟ್

ಮೇಷ್ಟ್ರು ಹೇಳಿದ ಎರಡು ತಟ್ಟೆಗಳ ಮಾತನ್ನು ಒಪ್ಪುತ್ತೇನೆ. ಆದರೆ ಚರಿತ್ರೆಯ ಮೇಲಿನ ಗೌರವದಿಂದ ಅಂಕಿಗಳನ್ನು ಬದಿಗೆ ಸರಿಸಬಾರದು. ಬರ್ಮಿಂಗ್‌ಹ್ಯಾಮಿನ ಆಲಬಾಮಾ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ 2003ರಿಂದ ನಡೆಯುತ್ತಿರುವ ರಿಗಾರ್ಡ್ಸ್ ಅಧ್ಯಯನ 45 ವರ್ಷ ದಾಟಿದ 30,000ಕ್ಕೂ ಹೆಚ್ಚು ಕಪ್ಪು ಮತ್ತು ಬಿಳಿ ಅಮೆರಿಕನ್ನರನ್ನು ಹಿಂಬಾಲಿಸಿದೆ. ಆಗ್ನೇಯ ರಾಜ್ಯಗಳಲ್ಲಿ ಪಾರ್ಶ್ವವಾಯುವಿನ ಸಾವು ಏಕೆ ಹೆಚ್ಚು ಎಂದು ಹುಡುಕಲು ಹೊರಟ ಅಧ್ಯಯನ ಅದು. ಅದರಲ್ಲಿ “ದಕ್ಷಿಣದ ಆಹಾರ ಕ್ರಮ”ವನ್ನು ಅತಿ ಹೆಚ್ಚು ಪಾಲಿಸುವವರಿಗೆ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ, ಅತಿ ಕಡಿಮೆ ಪಾಲಿಸುವವರಿಗಿಂತ 56%ರಷ್ಟು ಹೆಚ್ಚು ಕಂಡಿತು, ಪಾರ್ಶ್ವವಾಯುವಿನದು 39%. 2018ರಲ್ಲಿ ಅದೇ ಅಧ್ಯಯನದಿಂದ ಬಂದ ಮತ್ತೊಂದು ವರದಿ ಹೆಚ್ಚು ನೇರವಾದದ್ದು: ಬಿಳಿಯರಿಗಿಂತ ಕಪ್ಪು ಜನರಲ್ಲಿ ಹೊಸದಾಗಿ ರಕ್ತದೊತ್ತಡ ಕಾಣಿಸಿಕೊಳ್ಳುವ ಹೆಚ್ಚುವರಿ ಅಪಾಯದಲ್ಲಿ ಗಂಡಸರಲ್ಲಿ 51.6%, ಹೆಂಗಸರಲ್ಲಿ 29.2% ಪಾಲನ್ನು ಈ ಆಹಾರ ಕ್ರಮವೇ ವಿವರಿಸುತ್ತದೆ. ಪರಿಶೀಲಿಸಿದ ಕಾರಣಗಳಲ್ಲಿ ಇದೇ ದೊಡ್ಡದು.

ಈಗ ಆ “ಕ್ರಮ”ದೊಳಗೆ ಏನಿದೆ ಎಂದು ನೋಡಿ: ಕರಿದ ಪದಾರ್ಥ, ಸೇರಿಸಿದ ಕೊಬ್ಬು, ಮೊಟ್ಟೆ, ಅಂಗಮಾಂಸ, ಸಂಸ್ಕರಿಸಿದ ಮಾಂಸ, ಸಕ್ಕರೆ ಹಾಕಿದ ಪಾನೀಯ. ಕೊಲಾರ್ಡ್, ಅಲಸಂದೆ, ಬೆಂಡೆ ಈ ಪಟ್ಟಿಯಲ್ಲಿ ಇಲ್ಲ. ಸಿಹಿ ಚಹಾ, ಪೊಟ್ಟಣದ ಸಾಸೇಜು ಯಾವ ಕೈತೋಟದಲ್ಲೂ ಬೆಳೆದವಲ್ಲ. ನನ್ನ ಬಳಿಗೆ ಬರುವವರ ಆಹಾರದ ಡೈರಿ ನೋಡಿದರೂ ಇದೇ ಕಾಣುತ್ತದೆ. ವಾರದ ದಿನಗಳಲ್ಲಿ ಡ್ರೈವ್-ಥ್ರೂ, ಸೋಡ, ಚಿಪ್ಸು. ಅಜ್ಜಿಯ ಅಡುಗೆ ಬರುವುದು ಭಾನುವಾರಕ್ಕೆ ಮಾತ್ರ. ಬೈಗುಳ ಮಾತ್ರ ಅಜ್ಜಿಯ ಪಾಲಿಗೆ.

ಇನ್ನೊಂದು ವಿಷಯ. 1997ರಲ್ಲಿ ಫಲಿತಾಂಶ ಪ್ರಕಟವಾದ ಡ್ಯಾಶ್ ಪ್ರಯೋಗದಲ್ಲಿ ಭಾಗವಹಿಸಿದ 459 ಮಂದಿಯಲ್ಲಿ ಸುಮಾರು 60% ಕಪ್ಪು ಜನರಿದ್ದರು. ಹಣ್ಣು, ತರಕಾರಿ, ಕಡಿಮೆ ಕೊಬ್ಬಿನ ಹಾಲು-ಮೊಸರು ಹೆಚ್ಚಿದ್ದ ಊಟದಿಂದ ಅವರ ರಕ್ತದೊತ್ತಡದ ಮೇಲಿನ ಅಂಕಿ (ಸಿಸ್ಟೋಲಿಕ್) ಸುಮಾರು 7 ಅಂಕ ಇಳಿಯಿತು. ಬಿಳಿಯರಲ್ಲಿ ಇಳಿದದ್ದು ಅದರ ಅರ್ಧದಷ್ಟು. ಎಂದರೆ ಊಟದಿಂದ ಕೆಡುಕು ಯಾರಿಗೆ ಹೆಚ್ಚೋ, ಊಟ ಬದಲಾದರೆ ಅನುಕೂಲವೂ ಅವರಿಗೇ ಹೆಚ್ಚು.

ಹೂಸ್ಟನ್ ಕನ್ನಡಿಗ

ಎಲ್ಲರೂ ಬಹಳ ಎಚ್ಚರದಿಂದ ಬರೆಯುತ್ತಿದ್ದೀರಿ. ನಾನು ನೇರವಾಗಿ ಕೇಳುತ್ತೇನೆ, ಕ್ಷಮಿಸಿ. ಧಣಿಗಳು ಎಸೆದ ಕರುಳು, ಕಾಲು, ಕಿವಿಗಳನ್ನು ತಿಂದು ಬದುಕಬೇಕಾದದ್ದು ಒಂದು ಕಾಲದ ಅನಿವಾರ್ಯ. ಆ ಅನಿವಾರ್ಯ ಹೋದ ಮೇಲೂ ಅದನ್ನು ಸಂಸ್ಕೃತಿ ಎಂದು ಹೊತ್ತುಕೊಂಡು ತಿರುಗುವುದು ಏಕೆ? ಮಾಂಸವನ್ನೇ ಬಿಟ್ಟು ಕಾಳು-ಸೊಪ್ಪಿಗೆ ಬಂದರೆ ಸಮಸ್ಯೆಯೇ ಮುಗಿಯಿತಲ್ಲ. ನಾವು ಸಸ್ಯಾಹಾರಿಗಳು ತಲೆಮಾರುಗಳಿಂದ ಹಾಗೆಯೇ ಬದುಕಿದ್ದೇವೆ.

ನಿವೃತ್ತ ಇತಿಹಾಸ ಮೇಷ್ಟ್ರು, ಧಾರವಾಡ

ನಿಮ್ಮ ಪ್ರಶ್ನೆ ಹೊಸದಲ್ಲ ಸ್ವಾಮಿ. ಅದನ್ನು ಅವರೇ ಅರುವತ್ತು ವರ್ಷಗಳ ಹಿಂದೆ ನಿಮಗಿಂತ ಖಾರವಾಗಿ ಕೇಳಿಕೊಂಡಿದ್ದಾರೆ. ಕಪ್ಪು ಮುಸ್ಲಿಮರ ನೇಷನ್ ಆಫ್ ಇಸ್ಲಾಂ ಸಂಘಟನೆಯ ಮುಖಂಡ ಎಲೈಜಾ ಮುಹಮ್ಮದ್ ತಮ್ಮ ಅನುಯಾಯಿಗಳಿಗೆ ಹಂದಿಮಾಂಸವನ್ನಷ್ಟೇ ಅಲ್ಲ, ಕೊಲಾರ್ಡ್, ಅಲಸಂದೆ, ಗೆಣಸು, ಕಾರ್ನ್‌ಬ್ರೆಡ್ಡುಗಳನ್ನೂ ಗುಲಾಮಗಿರಿಯ ಊಟವೆಂದು ನಿಷೇಧಿಸಿದರು. ಅವರ ಮೆಚ್ಚಿನ ಕಾಳು ಬಿಳಿಯ ನೇವಿ ಬೀನ್. ಅದರ ಸಿಹಿ ಪೈ ಈಗಲೂ ಆ ಸಮುದಾಯದ ಗುರುತು. ತಮಾಷೆಯೆಂದರೆ, ಗೆಣಸಿನ ಪೈಯನ್ನು ಬಿಡಿಸಲು ಹೋಗಿ ಅದರದೇ ಅಚ್ಚಿನ ಇನ್ನೊಂದು ಪೈ ಹುಟ್ಟಿತು.

ಹಾಸ್ಯಗಾರ ಮತ್ತು ಹೋರಾಟಗಾರ ಡಿಕ್ ಗ್ರೆಗರಿಯವರ ಕಥೆ ಇನ್ನೂ ಮುಖ್ಯ. 1962ರಲ್ಲಿ ಮಿಸಿಸಿಪ್ಪಿಯ ಲೆಫ್ಲೋರ್ ಕೌಂಟಿಯಲ್ಲಿ ಕಪ್ಪು ಜನ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೊರಟಾಗ, ಬಡವರಿಗೆ ಬರುತ್ತಿದ್ದ ಸರಕಾರಿ ಹಿಟ್ಟು-ಅಕ್ಕಿಯನ್ನು ಅಲ್ಲಿನ ಆಡಳಿತ ನಿಲ್ಲಿಸಿಬಿಟ್ಟಿತು. ಆ ಚಳಿಗಾಲದ ಹಸಿವಿಗೆ ಉತ್ತರವಾಗಿ 1963ರ ಆರಂಭದಲ್ಲಿ ವಿಮಾನವನ್ನೇ ಬಾಡಿಗೆಗೆ ಹಿಡಿದು ಟನ್‌ಗಟ್ಟಲೆ ಆಹಾರ ತಂದಿಳಿಸಿದವರು ಇದೇ ಗ್ರೆಗರಿ. ಕೆಲವೇ ವರ್ಷಗಳಲ್ಲಿ ಅವರು ಸಸ್ಯಾಹಾರಿಯಾದರು, ಸೋಲ್ ಫುಡ್ ತನ್ನ ಜನರನ್ನೇ ಕೊಲ್ಲುತ್ತಿದೆ ಎಂದು ಊರೂರಲ್ಲಿ ಹೇಳಿದರು. ಅವರ ಮಾತಿಗೆ ತೂಕವಿತ್ತು, ಏಕೆಂದರೆ ಹಸಿದವರ ತಟ್ಟೆ ತುಂಬಿಸಿದ ಮೇಲೆ ಅದರಲ್ಲಿ ಏನಿದೆ ಎಂದು ಕೇಳಿದರು. ನಾವು ಎರಡನೆಯದನ್ನು ಮಾತ್ರ ಮಾಡುತ್ತಿದ್ದೇವೆ.

ಆಹಾರತಜ್ಞೆ, ಷಾರ್ಲೆಟ್

ಹೂಸ್ಟನ್ನಿನ ಸರ್ ಅವರ ಪ್ರಶ್ನೆಗೆ ಪ್ರಯೋಗದ ಉತ್ತರವೂ ಇದೆ. ಸೌತ್ ಕ್ಯಾರೊಲೈನಾ ವಿಶ್ವವಿದ್ಯಾಲಯದವರು ಕೊಲಂಬಿಯಾ ಊರಿನ ಸುತ್ತಮುತ್ತಲ 159 ಕಪ್ಪು ವಯಸ್ಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪೂರ್ಣ ಸಸ್ಯಮೂಲದ ಸೋಲ್ ಫುಡ್, ಇನ್ನೊಂದಕ್ಕೆ ಕಡಿಮೆ ಕೊಬ್ಬಿನ, ಮಾಂಸವೂ ಇರುವ ಸೋಲ್ ಫುಡ್ ಕಲಿಸಿದರು. ತರಗತಿಗಳಲ್ಲಿ ಅಡುಗೆ ಮಾಡಿ ತೋರಿಸುವುದಕ್ಕೆ ಸ್ಥಳೀಯ ಹೋಟೆಲುಗಳನ್ನೂ ಜೊತೆಗೆ ಸೇರಿಸಿಕೊಂಡರು. ಒಂದು ವರ್ಷದ ಕೊನೆಗೆ ಎರಡೂ ಗುಂಪಿನವರು ಸರಾಸರಿ 2 ಕಿಲೋ ಆಸುಪಾಸು ಇಳಿದಿದ್ದರು, ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇಳಿಕೆ ದೊಡ್ಡದಲ್ಲ, ಅದನ್ನು ಉಬ್ಬಿಸಿ ಹೇಳುವುದಿಲ್ಲ. ಮಾಂಸ ಬಿಟ್ಟ ಮಾತ್ರಕ್ಕೆ ಪವಾಡ ಆಗುವುದಿಲ್ಲ ಎಂಬುದಕ್ಕೆ ಮಾತ್ರ ಇದು ಸಾಕು.

ಮತ್ತೆ, ಸಸ್ಯಾಹಾರಿಗಳಾದ ನಮ್ಮ ಬಗ್ಗೆ. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಷಿಕಾಗೊ ಪ್ರದೇಶಗಳಲ್ಲಿರುವ ದಕ್ಷಿಣ ಏಷ್ಯಾ ಮೂಲದವರನ್ನು ಹಿಂಬಾಲಿಸುತ್ತಿರುವ ಮಸಾಲಾ ಎಂಬ ಅಧ್ಯಯನದ ಪ್ರಕಾರ, ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗ ನಮ್ಮವರಲ್ಲಿ ಮಧುಮೇಹ 23%, ಅದರೊಂದಿಗೆ ಹೋಲಿಸಿದ ಕಪ್ಪು ಅಮೆರಿಕನ್ನರಲ್ಲಿ 18%, ಬಿಳಿಯರಲ್ಲಿ 6%. ಆರೋಗ್ಯ ಶಿಬಿರದಲ್ಲಿ ಆ ತೀರ್ಪು ಕೊಟ್ಟ ಹಿರಿಯರಿಗೆ ಈ ಅಂಕಿಯನ್ನು ಯಾರಾದರೂ ಮುಟ್ಟಿಸಿ.

ವೈದ್ಯ, ರಾಯಚೂರು

ಊಟ ಮತ್ತು ರೋಗದ ಸಂಬಂಧವನ್ನು ಅಮೆರಿಕದ ದಕ್ಷಿಣ ಒಮ್ಮೆ ಬಹಳ ಕಷ್ಟಪಟ್ಟು ಕಲಿತಿದೆ. ಆ ಪಾಠವನ್ನು ಇಲ್ಲಿ ಎತ್ತಲೇಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೆಲಾಗ್ರ ಎಂಬ ಕಾಯಿಲೆ ಅಲ್ಲಿ ಹಬ್ಬಿತು. ಬಿಸಿಲು ಬೀಳುವ ಕಡೆ, ಕೊರಳ ಸುತ್ತ, ಮುಂಗೈ ಮೇಲೆ, ಚರ್ಮ ಸುಟ್ಟಂತೆ ಕಪ್ಪಾಗಿ ಸುಲಿಯುತ್ತದೆ, ಭೇದಿ ಹತ್ತುತ್ತದೆ, ಕೊನೆಗೆ ಬುದ್ಧಿ ಕೆಡುತ್ತದೆ. 1940ರವರೆಗೆ ಅಂದಾಜು 30 ಲಕ್ಷ ಮಂದಿ ನರಳಿದರು, ಒಂದು ಲಕ್ಷದಷ್ಟು ಮಂದಿ ಸತ್ತರು. ಬಿಳಿ ಬಡವರೂ ಕಪ್ಪು ಬಡವರೂ ಅದಕ್ಕೆ ಸಿಕ್ಕಿದರು. ಇದು ಅಂಟುರೋಗ, ಕೊಳಕಿನಿಂದ ಬರುತ್ತದೆ, ವಂಶದ ದೋಷ ಎಂದೆಲ್ಲ ದೊಡ್ಡ ವೈದ್ಯರು ವಾದಿಸಿದರು.

1914ರಲ್ಲಿ ಕೇಂದ್ರ ಸರಕಾರದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ತನಿಖೆಗೆ ಇಳಿದರು. ಅನಾಥಾಲಯಗಳಲ್ಲಿ, ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಬರುವ ಕಾಯಿಲೆ ಅಲ್ಲಿನ ಸಿಬ್ಬಂದಿಗೆ ಬರುವುದಿಲ್ಲ ಎಂಬುದನ್ನು ಕಂಡು, ಹಾಲು, ಮಾಂಸ, ಕಾಳು ಕೊಟ್ಟು ರೋಗವನ್ನು ಓಡಿಸಿ ತೋರಿಸಿದರು. 1915ರಲ್ಲಿ ಮಿಸಿಸಿಪ್ಪಿಯ ಜೈಲಿನ ಹೊಲವೊಂದರಲ್ಲಿ ಕೈದಿಗಳಿಗೆ ಬಹುಪಾಲು ಮೆಕ್ಕೆಜೋಳ, ಅಕ್ಕಿ, ಪಾಕದ ಊಟ ಕೊಟ್ಟು ಅದೇ ರೋಗವನ್ನು ಬರಿಸಿದರು. ಅಷ್ಟಾದರೂ ನಂಬದವರಿಗಾಗಿ ರೋಗಿಗಳ ರಕ್ತವನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಏನೂ ಆಗಲಿಲ್ಲ. ಕಾಯಿಲೆ ಇದ್ದದ್ದು ಹಿಟ್ಟು, ಹಂದಿಕೊಬ್ಬು, ಕಾಕಂಬಿ ಈ ಮೂರರಲ್ಲೇ ವರ್ಷ ತಳ್ಳುವ ತಟ್ಟೆಯಲ್ಲಿ. ತಟ್ಟೆ ಹಾಗೇಕೆ ಆಯಿತು? ಧಣಿಗಳು ಮನೆಯ ಬಾಗಿಲವರೆಗೂ ಹತ್ತಿ ಬಿತ್ತಿಸುತ್ತಿದ್ದರು, ತೋಟಕ್ಕೆ ಜಾಗ ಬಿಡುತ್ತಿರಲಿಲ್ಲ. ಪಾಲಿಗೆ ಬೇಸಾಯ ಮಾಡುವವನು ಅವರ ಅಂಗಡಿಯಲ್ಲೇ ಸಾಲದಲ್ಲಿ ಹಿಟ್ಟು ಕೊಳ್ಳಬೇಕಿತ್ತು. ಆ ಹಿಟ್ಟೂ ಹೊಸ ಗಿರಣಿಗಳಲ್ಲಿ ಮೊಳಕೆಯ ಭಾಗ ತೆಗೆದು ಬೀಸಿದ್ದು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ನೆನೆಸಿ ಬೇಯಿಸುವ ಮೂಲನಿವಾಸಿಗಳ ಪದ್ಧತಿಯನ್ನು, ಅದರಿಂದ ನಯಾಸಿನ್ ಎಂಬ ವಿಟಮಿನ್ ಮೈಗೆ ದಕ್ಕುತ್ತದೆ ಎಂಬುದನ್ನು, ಹೊಸಬರು ಕಲಿಯಲೇ ಇಲ್ಲ. ನಯಾಸಿನ್ನೇ ಕೊರತೆಯ ಮೂಲವೆಂಬುದು 1937ರಲ್ಲಿ ಕಾನ್ರಾಡ್ ಎಲ್ವೆಜೆಮ್ ಅವರ ಸಂಶೋಧನೆಯಿಂದ ಖಚಿತವಾಯಿತು.

ಇದು ನಮಗೂ ದೂರದ ವಿಷಯವಲ್ಲ. 1960ರ ದಶಕದಲ್ಲಿ ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು ದಖ್ಖನ್ನಿನ ಬಡವರಲ್ಲಿ ಪೆಲಾಗ್ರವನ್ನು ಗುರುತಿಸಿದರು. ಅಲ್ಲಿ ಮೆಕ್ಕೆಜೋಳದ ಬದಲು ನಮ್ಮ ಬಿಳಿಜೋಳವೇ ಏಕೈಕ ಆಹಾರವಾಗಿತ್ತು. ಹಾಗೆಂದು ಜೋಳದ ರೊಟ್ಟಿ ಕೆಟ್ಟದ್ದೆಂದು ನಾವ್ಯಾರೂ ಹೇಳುವುದಿಲ್ಲ. ರೊಟ್ಟಿಯ ಜೊತೆಗಿರಬೇಕಾದ ಬೇಳೆ, ಮೊಸರು, ಪಲ್ಯ ಆ ಮನೆಗಳಲ್ಲಿ ಇರಲಿಲ್ಲ ಎನ್ನುತ್ತೇವೆ. ಕಾರ್ನ್‌ಬ್ರೆಡ್ಡಿಗೂ ಅಷ್ಟೇ ನ್ಯಾಯ ಸಲ್ಲಬೇಕು.

ಅಟ್ಲಾಂಟಾ ವಾಸಿ

ಡಾಕ್ಟರೇ, ಧನ್ಯವಾದ. ಜಮೀನಿನ ಮಾತು ಬಂದಿದ್ದರಿಂದ ಒಂದು ಅಂಕಿ ಸೇರಿಸುತ್ತೇನೆ. 1920ರ ಗಣತಿಯಲ್ಲಿ ಅಮೆರಿಕದಲ್ಲಿ 9,25,000ಕ್ಕೂ ಹೆಚ್ಚು ಕಪ್ಪು ರೈತರಿದ್ದರು. ಇಂದು ದೇಶದ ರೈತರಲ್ಲಿ ಅವರ ಪಾಲು 2%ಕ್ಕಿಂತ ಕಡಿಮೆ. ಸಾಲ ಕೊಡುವಾಗ ಕೃಷಿ ಇಲಾಖೆ ತಾರತಮ್ಯ ಮಾಡಿತೆಂಬ ಮೊಕದ್ದಮೆ 1999ರಲ್ಲಿ ರಾಜಿಯಲ್ಲಿ ಮುಗಿದು ಪರಿಹಾರ ಸಿಕ್ಕಿತು, ಆದರೆ ಆ ಹೊತ್ತಿಗೆ ಬಹುಪಾಲು ಹೊಲಗಳು ಕೈಬಿಟ್ಟಿದ್ದವು.

ನಿವೃತ್ತ ಇತಿಹಾಸ ಮೇಷ್ಟ್ರು, ಧಾರವಾಡ

ಹೊಲ, ಊಟ, ಆರೋಗ್ಯ ಈ ಮೂರನ್ನೂ ಒಟ್ಟಿಗೆ ಹಿಡಿದ ಎರಡು ಪ್ರಯತ್ನಗಳು ಮಿಸಿಸಿಪ್ಪಿ ಡೆಲ್ಟಾದಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ನಡೆದವು. ಬಿಡುಗಡೆಯಾದ ಗುಲಾಮರು 1887ರಲ್ಲಿ ಕಟ್ಟಿದ ಮೌಂಡ್ ಬಾಯೂ ಎಂಬ ಊರಿನಲ್ಲಿ 1967ರಲ್ಲಿ ಡೆಲ್ಟಾ ಹೆಲ್ತ್ ಸೆಂಟರ್ ತೆರೆಯಿತು. ಅಲ್ಲಿನ ವೈದ್ಯ ಜ್ಯಾಕ್ ಗೈಗರ್ ಮತ್ತು ಸಂಗಡಿಗರು ಸೊರಗಿದ ಮಕ್ಕಳಿಗೆ ಔಷಧದ ಚೀಟಿಯಲ್ಲೇ ಹಾಲು, ಮಾಂಸ, ತರಕಾರಿ ಬರೆದರು. ದಿನಸಿ ಅಂಗಡಿಯವರು ಅದರಂತೆ ಕೊಟ್ಟು, ಬಿಲ್ಲನ್ನು ಆಸ್ಪತ್ರೆಯ ಔಷಧಾಲಯಕ್ಕೆ ಕಳಿಸಿದರು. ಔಷಧದ ಹಣವನ್ನು ದಿನಸಿಗೆ ಖರ್ಚು ಮಾಡಿದ್ದೇಕೆ ಎಂದು ಸರಕಾರದಿಂದ ಆಕ್ಷೇಪಣೆ ಬಂದಾಗ, ಅಪೌಷ್ಟಿಕತೆಗೆ ಪಠ್ಯಪುಸ್ತಕದಲ್ಲಿ ಹೇಳಿರುವ ಚಿಕಿತ್ಸೆ ಆಹಾರವೇ ಎಂಬರ್ಥದ ಉತ್ತರ ಕೊಟ್ಟರು. ಆದರೆ ಚೀಟಿ ಎಷ್ಟು ದಿನ ನಡೆದೀತು? ಮರುವರ್ಷವೇ ಜಾನ್ ಹ್ಯಾಚ್ ಅವರ ಮುಂದಾಳತ್ವದಲ್ಲಿ ಸುತ್ತಲಿನ ಕುಟುಂಬಗಳು ಸಹಕಾರಿ ಹೊಲ ಕಟ್ಟಿಕೊಂಡು ಸೊಪ್ಪು, ಕಾಳು, ಗೆಣಸು ಬೆಳೆದರು. ಹತ್ತಿ ಬಿಡಿಸಿ ಗೊತ್ತಿದ್ದ ಕೈಗಳಿಗೆ ಸೊಪ್ಪು ಬೆಳೆಯುವುದನ್ನು ಯಾವ ತಜ್ಞನೂ ಕಲಿಸಬೇಕಾಗಿರಲಿಲ್ಲ, ಜಾಗ ಬೇಕಿತ್ತು ಅಷ್ಟೇ.

ಪಕ್ಕದ ಸನ್‌ಫ್ಲವರ್ ಕೌಂಟಿಯಲ್ಲಿ ಫ್ಯಾನಿ ಲೂ ಹೇಮರ್ 1969ರಲ್ಲಿ ಫ್ರೀಡಂ ಫಾರ್ಮ್ ಸಹಕಾರಿ ಸಂಘ ಆರಂಭಿಸಿದರು. ಅದರಲ್ಲಿ ಹಂದಿ ಬ್ಯಾಂಕು ಎಂಬುದಿತ್ತು: ಬಡ ಕುಟುಂಬಕ್ಕೆ ಒಂದು ಹೆಣ್ಣು ಹಂದಿ, ಅದು ಮರಿ ಹಾಕಿದ ಮೇಲೆ ಕೆಲವು ಮರಿಗಳು ಬ್ಯಾಂಕಿಗೆ ವಾಪಸು. ಹೂಸ್ಟನ್ನಿನವರು ಗಮನಿಸಬೇಕು, ಮತದಾನದ ಹಕ್ಕು ಕೇಳಿದ್ದಕ್ಕೆ ಕೆಲಸವನ್ನೂ ಮನೆಯನ್ನೂ ಕಳೆದುಕೊಂಡ ಹೆಣ್ಣುಮಗಳು ಆಕೆ. ಕೊಟ್ಟಿಗೆಯಲ್ಲಿ ಹಂದಿ, ಮನೆಯಲ್ಲಿ ಡಬ್ಬಿ ಕಟ್ಟಿಟ್ಟ ಸೊಪ್ಪು ಇದ್ದವರನ್ನು ಧಣಿಗಳು ಹಸಿವು ತೋರಿಸಿ ಹೆದರಿಸಲಾರರು ಎಂಬುದು ಆಕೆಯ ಲೆಕ್ಕ. ಅದೇ ಹೇಮರ್ ರಕ್ತದೊತ್ತಡ, ಮಧುಮೇಹಗಳಿಂದ ನರಳಿ, ಸ್ತನ ಕ್ಯಾನ್ಸರಿಗೆ ತುತ್ತಾಗಿ 1977ರಲ್ಲಿ, 59ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಂದಿಯನ್ನು ಸ್ವಾತಂತ್ರ್ಯದ ಗುರುತಾಗಿ ಮಾತ್ರ ನೋಡುವವರಿಗೂ, ರೋಗದ ಗುರುತಾಗಿ ಮಾತ್ರ ನೋಡುವವರಿಗೂ ಈ ಜೀವನ ಸುಲಭಕ್ಕೆ ಒಗ್ಗುವುದಿಲ್ಲ.

ಗೃಹಿಣಿ, ಬರ್ಮಿಂಗ್‌ಹ್ಯಾಮ್ (ಆಲಬಾಮಾ)

ಅಂಕಿಗಳು, ಚರಿತ್ರೆ ಎರಡೂ ಬಂದವು, ಒಲೆಯ ಮಾತು ಬರಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಕಪ್ಪು ಜನರ ಬ್ಯಾಪ್ಟಿಸ್ಟ್ ಚರ್ಚಿದೆ. ಅದರ ಅಡುಗೆಮನೆಯಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ನನಗೆ ಕೊಲಾರ್ಡ್ ಮಾಡುವುದನ್ನು ಕಲಿಸಿದರು. ಅವರನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಎಲ್ಲರಿಗೂ ಅವರು ಮದರ್. ಸೊಪ್ಪಿನಲ್ಲಿ ಮರಳು ಕೂತಿರುತ್ತದೆ, ನೀರು ಬದಲಿಸಿ ಬದಲಿಸಿ ತೊಳೆಯಬೇಕು. ನಡುವಿನ ದಪ್ಪ ದಂಟನ್ನು ಎಳೆದು ತೆಗೆದು, ನಾಲ್ಕಾರು ಎಲೆಗಳನ್ನು ಒಂದರ ಮೇಲೊಂದಿಟ್ಟು ಬೀಡಿಯಂತೆ ಸುತ್ತಿ, ಬೆರಳಗಲಕ್ಕೆ ಕತ್ತರಿಸಬೇಕು. ಹೊಗೆಯಾಡಿಸಿದ ಮಾಂಸದ ತುಂಡನ್ನು ಈರುಳ್ಳಿ, ಒಣಮೆಣಸಿನ ಜೊತೆ ಮೊದಲು ಒಂದು ಗಂಟೆ ಕುದಿಸಿ, ಆಮೇಲೆ ಸೊಪ್ಪು. ತಿನ್ನುವಾಗ ಮೆಣಸಿನಕಾಯಿ ನೆನೆಸಿದ ವಿನೆಗರ್ ನಾಲ್ಕು ಹನಿ. ಪಾತ್ರೆಯಲ್ಲಿ ಉಳಿಯುವ ಹಸಿರು ರಸಕ್ಕೆ ಪಾಟ್‌ಲಿಕ್ಕರ್ ಎನ್ನುತ್ತಾರೆ. ಬಸ್ಸಾರಿನ ಕಟ್ಟನ್ನು ಚೆಲ್ಲದ ನಮ್ಮ ಕಡೆಯವರಿಗೆ ಅದರ ಬೆಲೆ ವಿವರಿಸಬೇಕಾಗಿಲ್ಲ. ಕಾರ್ನ್‌ಬ್ರೆಡ್ ಮುರಿದು ಅದರಲ್ಲಿ ಅದ್ದಿ ತಿನ್ನುತ್ತಾರೆ.

ಇದೇ ಚರ್ಚಿನಲ್ಲಿ ಹಂದಿಯ ಕಾಲಿನ ಬದಲು ಹೊಗೆಯಾಡಿಸಿದ ಟರ್ಕಿ ಕೋಳಿಯ ಕತ್ತಿನ ಮಾಂಸ ಬಂದು ಎಷ್ಟೋ ಕಾಲವಾಗಿದೆ. ಆ ಬದಲಾವಣೆಯನ್ನು ತಂದದ್ದು ಹೊರಗಿನಿಂದ ಬಂದ ಉಪನ್ಯಾಸವಲ್ಲ, ಪಾದ್ರಿಗೆ ಪಾರ್ಶ್ವವಾಯು ಬಡಿದದ್ದು ಮತ್ತು ಅಡುಗೆಮನೆಯ ಈ ಹೆಂಗಸರು ಸೌಟು ಹಿಡಿದು ತೀರ್ಮಾನ ಮಾಡಿದ್ದು. ಮೊದಲು ಕೆಲವರು ಮುಖ ಸಿಂಡರಿಸಿದರು, ಮದರ್ ಮಾಡಿದ್ದೆಂದು ತಿಂದರು.

ಆಹಾರತಜ್ಞೆ, ಷಾರ್ಲೆಟ್

ಬರ್ಮಿಂಗ್‌ಹ್ಯಾಮಿನ ಮೇಡಂ ಹೇಳಿದ್ದು ನನ್ನ ಕೆಲಸದ ಅನುಭವಕ್ಕೆ ಪೂರ್ತಿ ಹೊಂದುತ್ತದೆ. ಕಪ್ಪು ಚರ್ಚುಗಳಲ್ಲಿ ಹಣ್ಣು-ತರಕಾರಿ ಹೆಚ್ಚಿಸಲು ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ರೂಪಿಸಿದ ಬಾಡಿ ಅಂಡ್ ಸೋಲ್ ಕಾರ್ಯಕ್ರಮ ಪಾದ್ರಿಯ ಬೆಂಬಲ, ಚರ್ಚಿನ ಅಡುಗೆ, ಸದಸ್ಯರೇ ಸದಸ್ಯರಿಗೆ ಕೊಡುವ ಸಲಹೆ ಇವುಗಳ ಮೇಲೆ ನಿಂತಿದೆ. ಬೋಸ್ಟನ್ನಿನ ಓಲ್ಡ್‌ವೇಸ್ ಸಂಸ್ಥೆ 2011ರಲ್ಲಿ ಆಫ್ರಿಕನ್ ಪರಂಪರೆಯ ಆಹಾರ ಪಿರಮಿಡ್ಡನ್ನೇ ಮಾಡಿತು. ಅದರ ತಳದಲ್ಲಿ ಸೊಪ್ಪುಗಳಿವೆ. ಊಟದ ಆಚೆಗೂ ಇದೇ ನಡೆ ಫಲ ಕೊಟ್ಟಿದೆ: ಲಾಸ್ ಏಂಜಲೀಸಿನ ಕಪ್ಪು ಕ್ಷೌರದಂಗಡಿಗಳಲ್ಲಿ ಔಷಧತಜ್ಞರು ಕೂತು ಗಿರಾಕಿಗಳ ರಕ್ತದೊತ್ತಡ ನೋಡಿ ಮಾತ್ರೆ ಹೊಂದಿಸಿದಾಗ, 6 ತಿಂಗಳಲ್ಲಿ ಅದು ಸರಾಸರಿ 27 ಅಂಕ ಇಳಿಯಿತು, ಬರಿಯ ಸಲಹೆ ಕೊಟ್ಟ ಅಂಗಡಿಗಳಲ್ಲಿ 9ರ ಆಸುಪಾಸು. 2018ರಲ್ಲಿ ಪ್ರಕಟವಾದ ಪ್ರಯೋಗವಿದು.

ಊಟ ಎಷ್ಟು ಬೇಗ ಮೈಯನ್ನು ಬದಲಿಸುತ್ತದೆ ಎಂದು ತಿಳಿಯಲು ಪಿಟ್ಸ್‌ಬರ್ಗಿನ 20 ಕಪ್ಪು ಅಮೆರಿಕನ್ನರು ಮತ್ತು ದಕ್ಷಿಣ ಆಫ್ರಿಕದ ಹಳ್ಳಿಗಾಡಿನ 20 ಮಂದಿ ಎರಡು ವಾರ ಊಟ ಅದಲುಬದಲು ಮಾಡಿಕೊಂಡ 2015ರ ಅಧ್ಯಯನವನ್ನು ನೋಡಿ. ಅಮೆರಿಕನ್ನರ ನಾರಿನಂಶ ದಿನಕ್ಕೆ 14 ಗ್ರಾಮಿನಿಂದ 55ಕ್ಕೆ ಏರಿತು. ಅಷ್ಟರಲ್ಲೇ ಅವರ ದೊಡ್ಡ ಕರುಳಿನಲ್ಲಿ ಕ್ಯಾನ್ಸರಿನ ಅಪಾಯ ಸೂಚಿಸುವ ಲಕ್ಷಣಗಳು ತಗ್ಗಿದವು. ಅಮೆರಿಕದ ಊಟ ಉಂಡ ಆಫ್ರಿಕನ್ನರಲ್ಲಿ ಏರಿದವು.

ಹೂಸ್ಟನ್ ಕನ್ನಡಿಗ

ಮಸಾಲಾ ಅಧ್ಯಯನದ ಅಂಕಿ ನೋಡಿ ಸುಮ್ಮನಾಗಿದ್ದೆ. ಆದರೆ ಒಂದು ಅನುಮಾನ ಉಳಿದಿದೆ. ಸೊಪ್ಪು ಒಳ್ಳೆಯದು ಎಂದು ಎಲ್ಲರೂ ಹೇಳುತ್ತಿದ್ದೀರಿ. ಆ ಪಾಟ್‌ಲಿಕ್ಕರನ್ನು ಎಲ್ಲರೂ ಕುಡಿಯಬಹುದೇ? ನಮ್ಮ ಆಫೀಸಿನ ಕಪ್ಪು ಸಹೋದ್ಯೋಗಿಯೊಬ್ಬರಿಗೆ ಮೂತ್ರಪಿಂಡದ ತೊಂದರೆಯಿದೆ, ಜೊತೆಗೆ ರಕ್ತ ತೆಳುಮಾಡುವ ಮಾತ್ರೆ. ಅವರ ಮನೆಯ ಹೊಸ ವರ್ಷದ ಊಟಕ್ಕೆ ನಾವೂ ಹೋಗುತ್ತೇವೆ, ಈ ಬಾರಿ ಅಡುಗೆಯಲ್ಲಿ ಕೈ ಜೋಡಿಸೋಣ ಎಂದಿದ್ದೇನೆ.

ಆಹಾರತಜ್ಞೆ, ಷಾರ್ಲೆಟ್

ಒಳ್ಳೆಯ ಪ್ರಶ್ನೆ ಸರ್. ಅವರ ರಕ್ತ ತೆಳುಮಾಡುವ ಮಾತ್ರೆ ವಾರ್ಫರಿನ್ ಆಗಿದ್ದರೆ, ಕೊಲಾರ್ಡಿನಲ್ಲಿ ಹೇರಳವಾಗಿರುವ ವಿಟಮಿನ್ ಕೆ ಅದರ ಶಕ್ತಿಯನ್ನು ಕುಗ್ಗಿಸುತ್ತದೆ. ಸೊಪ್ಪು ಬಿಡಬೇಕಾಗಿಲ್ಲ, ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಬೇಕು. ತಿಂಗಳೆಲ್ಲ ಮುಟ್ಟದೆ ಹಬ್ಬದ ದಿನ ಎರಡು ಬಟ್ಟಲು ಬಡಿಸಿಕೊಳ್ಳುವುದು ತೊಂದರೆ. ಹೊಸ ಬಗೆಯ ಮಾತ್ರೆಗಳಿಗೆ ಸೊಪ್ಪಿನ ಈ ಅಡ್ಡಿಯಿಲ್ಲ, ಆದ್ದರಿಂದ ಯಾವ ಮಾತ್ರೆ ಎಂದು ಮೊದಲು ಕೇಳಿಕೊಳ್ಳಿ. ಮೂತ್ರಪಿಂಡದ ವಿಷಯ ಬೇರೆ. ಪೊಟ್ಯಾಸಿಯಂ ಮಿತಿಯಲ್ಲಿರಲಿ ಎಂದು ಅವರ ವೈದ್ಯರು ಹೇಳಿದ್ದರೆ, ಬಸಿದ ಸೊಪ್ಪನ್ನು ಮಾತ್ರ ಬಡಿಸಿ. ಸೊಪ್ಪಿನ ಪೊಟ್ಯಾಸಿಯಂ ಬಹಳಷ್ಟು ಆ ರಸಕ್ಕೆ ಇಳಿದಿರುತ್ತದೆ, ಮಾಂಸದ ಉಪ್ಪೂ ಅದರಲ್ಲೇ. ಅಲಸಂದೆಯ ಅಳತೆಯನ್ನೂ ವೈದ್ಯರನ್ನೇ ಕೇಳಲಿ. ಹೊಗೆಯಾಡಿಸಿದ ಟರ್ಕಿಯಲ್ಲಿ ಕೊಬ್ಬು ಕಡಿಮೆ, ಉಪ್ಪು ಹಂದಿಯದಕ್ಕಿಂತ ಕಡಿಮೆಯೆಂದು ನಂಬಬೇಡಿ. ಅದನ್ನು ಬೇರೆ ನೀರಿನಲ್ಲಿ ಒಮ್ಮೆ ಕುದಿಸಿ ಆ ನೀರು ಚೆಲ್ಲಿ, ಆಮೇಲೆ ಸೊಪ್ಪಿನ ಪಾತ್ರೆಗೆ ಹಾಕಿ, ಮೇಲುಪ್ಪು ಹಾಕಬೇಡಿ. ಉಪ್ಪಿನ ಕೊರತೆಯನ್ನು ಮೆಣಸಿನ ವಿನೆಗರ್ ಮುಚ್ಚುತ್ತದೆ.